ಒಣ ಹಣೆ, ಅರ್ಧ ಬೈರಾಸು

ನನ್ನ ಸೊಂಟದಲ್ಲಿ ಯಾವಾಗಲೂ ಒಂದು ತುಂಡು ಬೈರಾಸು ಸಿಕ್ಕಿಸಿಕೊಂಡಿರುತ್ತದೆ. ಬೈರಾಸು ಎಂದರೆ ಮೈ ಒರೆಸುವ ತೆಳ್ಳನೆಯ ಬಟ್ಟೆ. ಟವೆಲ್ ಎನ್ನುವ ದಪ್ಪನೆಯ ವಸ್ತು ನಮ್ಮ ಮನೆಗೆ ಬಂದದ್ದು ಎಷ್ಟೋ ಕಾಲದ ಮೇಲೆ. ಕೆಲಸದ ನಡುವೆ, ಮಾತಿನ ನಡುವೆ, ಫೋನ್ ಬಂದರೆ ಹಲೋ ಎನ್ನುವುದಕ್ಕೂ ಮೊದಲು ನಾನು ಅದನ್ನು ಎಳೆದು ಹಣೆ ಒರೆಸಿಕೊಳ್ಳುತ್ತೇನೆ. ಮೊನ್ನೆ ಮೊಮ್ಮಗಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಹೊರಗೆ ಮಂಜು, ಒಳಗೆ ಅವಳು ಎರಡು ಸ್ವೆಟರ್ ಹಾಕಿಕೊಂಡು ಒಲೆಯ ಮುಂದೆ ಕೂತಿದ್ದಳು.

"ಅಜ್ಜೀ, ಒಂದು ಹನಿ ಬೆವರಿಲ್ಲ. ಎಂಥ ಒರೆಸ್ತಾ ಇದ್ದೀರಿ?"

"ಅಭ್ಯಾಸ ಮಾರಾಯ್ತಿ, ಸುಮ್ಮನಿರು" ಎಂದೆ. ಅವಳೇನೋ ಸುಮ್ಮನಾದಳು. ಸುಮ್ಮನಿರಲಾಗದ್ದು ನನಗೆ. ಅದಕ್ಕೇ ನಿಮ್ಮನ್ನು ಹಿಡಿದು ಕೂರಿಸಿದ್ದೇನೆ.

ಹರೆಯದಲ್ಲಿ ನಾನು ಬೆವರುತ್ತಿದ್ದೆ. ಎಲ್ಲರೂ ಬೆವರುತ್ತಾರೆ ಎನ್ನಬೇಡಿ. ಎಲ್ಲರೂ ಬೆವರುವಲ್ಲಿ ನಾನು ಬೆವರುತ್ತಿರಲಿಲ್ಲ. ಬೆನ್ನು ಒಣಗಿರುತ್ತಿತ್ತು, ಅಂಗೈ ಒಣಗಿರುತ್ತಿತ್ತು, ಕುತ್ತಿಗೆಯಿಂದ ಮೇಲೆ ಮಾತ್ರ ಯಾರೋ ಈಗಷ್ಟೇ ಚೊಂಬು ನೀರು ಸುರಿದಂತೆ. ಮೊದಲು ಮೇಲ್ತುಟಿಯ ಮೇಲೆ ಸಾಸಿವೆ ಕಾಳಿನಂತೆ ಹನಿ ಮೂಡುವುದು, ಆಮೇಲೆ ಕೂದಲಿನ ಬುಡ ಒದ್ದೆಯಾಗುವುದು, ಅಲ್ಲಿಂದ ಕಿವಿಯ ಹಿಂದೆ, ಹುಬ್ಬಿನ ಮೇಲೆ, ಗಲ್ಲದ ತುದಿಯಿಂದ ರವಿಕೆಗೆ. ನಾಪೋಕ್ಲಿನ ಹತ್ತಿರದ ನನ್ನ ತವರಿನಲ್ಲಿ ಬೆಳಗಿನ ಹೊತ್ತು ಬಾಯಿ ತೆರೆದರೆ ಹೊಗೆ ಬರುವ ಚಳಿ ಇರುತ್ತಿತ್ತು. ಆ ಚಳಿಯಲ್ಲಿ ನಿಂತು ನಾನು ಬೆವರುತ್ತಿದ್ದೆ.

ಕಾರಣ ಹೇಳುವವರಿಗೆ ಬರವಿರಲಿಲ್ಲ. ದೊಡ್ಡಮ್ಮ ಕೂದಲು ದಟ್ಟವಾಗಿದೆ, ಅದಕ್ಕೇ ಎಂದರು. ನೆರೆಮನೆಯವರು ಉಷ್ಣ ಎಂದರು, ನೆತ್ತಿಗೆ ಹರಳೆಣ್ಣೆ ಮೆತ್ತಿಸಿದರು. ಎಣ್ಣೆಯೂ ಬೆವರೂ ಸೇರಿ ಕಣ್ಣಿಗಿಳಿದು ಮಧ್ಯಾಹ್ನದವರೆಗೆ ನನಗೆ ಲೋಕವೇ ಕಾಣಲಿಲ್ಲ. ಗಾಂಧಾರಿ ಮೆಣಸಿನ ಚಟ್ನಿ ಬಿಡಿಸಿ ನೋಡಿದರು. ಅದನ್ನು ಬಿಟ್ಟರೆ ಕಡುಬು ಯಾತರಲ್ಲಿ ತಿನ್ನುವುದು ಹೇಳಿ? ಎರಡು ದಿನವೂ ಬಾಳಲಿಲ್ಲ ಆ ಪಥ್ಯ. ಚಿಕ್ಕಪ್ಪನ ವೈದ್ಯವಂತೂ ಇನ್ನೂ ಚೆಂದ. ಒಳಗಿರುವ ಬೆವರೆಲ್ಲ ಒಂದೇ ಸಲ ಹೊರಗೆ ಹೋಗಿಬಿಡಲಿ ಎಂದು ಕರಿಮೆಣಸು, ಶುಂಠಿ ಜಜ್ಜಿ ಕಷಾಯ ಕುಡಿಸಿ ಕಂಬಳಿ ಹೊದೆಸಿ ಕೂರಿಸಿದರು. ಹೋಯಿತು, ಸಂಶಯವೇ ಇಲ್ಲ. ಮರುದಿನ ಅಷ್ಟೇ ಬೆವರು ಮತ್ತೆ ಬಂತು.

ಅವ್ವ ಮಾತ್ರ ಏನೂ ಹೇಳುತ್ತಿರಲಿಲ್ಲ. ಹಿಂದಿನಿಂದ ಬಂದು ಹಣೆಯ ಮೇಲೆ ಅಂಗೈ ಇಡುವಳು, ತೆಗೆಯುವಳು, ಹೋಗುವಳು. ಅವಳು ಯಾಕೆ ಹಾಗೆ ಮಾಡುತ್ತಾಳೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು. ನಾನು ಚಿಕ್ಕವಳಿದ್ದಾಗ ಅಪ್ಪ ಒಂದು ದಿನ ಬೇಲಿ ಕಟ್ಟಿ ಬಂದು ಜಗಲಿಯಲ್ಲಿ ಕೂತರು. ತಲೆ, ಮುಖ ಎಲ್ಲ ಮಿಂದು ಬಂದವರ ಹಾಗೆ ಒದ್ದೆಯಾಗಿತ್ತು. "ನೀರು" ಎಂದರು. ಅವ್ವ ನೀರು ತರುವಷ್ಟರಲ್ಲಿ ಅಪ್ಪ ಇರಲಿಲ್ಲ. ಯಾವ ಕಾಯಿಲೆ, ಏನು, ಯಾರಿಗೂ ತಿಳಿಯಲಿಲ್ಲ. ಊರಿನಲ್ಲಿ ಕೇಳಿದವರಿಗೆಲ್ಲ "ತಲೆ ಬೆವರಿ ಹೋದರು" ಎಂದರು. ಆ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಆಮೇಲೆ ದೊಡ್ಡವಳಾಗುವ ಹೊತ್ತಿಗೆ ನನ್ನ ತಲೆಯೂ ಬೆವರಲು ಶುರುವಾಯಿತು. ಪ್ರತಿ ಸಲ ಮೇಲ್ತುಟಿ ಒದ್ದೆಯಾದಾಗಲೂ ನಾನು ಎಲ್ಲಾದರೂ ಕೂತು ಕಾಯುತ್ತಿದ್ದೆ, ಇವತ್ತೇ ಇರಬೇಕು ಎಂದು. ಸ್ವಲ್ಪ ಹೊತ್ತಾದ ಮೇಲೆ ಸಾಯದೆ ಎದ್ದು ಹೋಗಿ ಪಾತ್ರೆ ತೊಳೆಯುತ್ತಿದ್ದೆ. ಈಗ ಹೇಳುವಾಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಮದುವೆಯಾಯಿತು. ಹೆಣ್ಣು ನೋಡಲು ಬಂದಾಗ ಅವ್ವ ನನ್ನನ್ನು ಗಾಳಿ ಬರುವ ಕಿಟಕಿಯ ಪಕ್ಕ ಕೂರಿಸಿದ್ದಳು. ಧಾರೆಯ ದಿನ ಇಳಿದ ಬೆವರನ್ನೆಲ್ಲ ಹೋಮದ ಹೊಗೆಯ ಲೆಕ್ಕಕ್ಕೆ ಹಾಕಿದೆವು. ಇವರು ಬಿಟ್ಟಂಗಾಲದ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್. ಆಳುಗಳ ಹಾಜರಿ, ಪಿಕ್ಕಿಂಗ್, ಗೊಬ್ಬರ ಎಲ್ಲ ಇವರ ತಲೆಯ ಮೇಲೆ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆ, ಇಬ್ಬರೇ.

ಅತ್ತೆ ಎಂದರೆ ಹೆದರಬೇಕಾದ ಹೆಂಗಸೇನಲ್ಲ. ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿ ಇತ್ತು. ಸಪೂರ ದೇಹ, ಬೋಳು ಹಣೆ, ಮಾತು ಕಡಿಮೆ. ಮಾತು ಕಡಿಮೆಯಾದವರ ಕಣ್ಣು ಎಷ್ಟು ಕೆಲಸ ಮಾಡುತ್ತದೆ ಎಂದು ನನಗೆ ಅಲ್ಲಿ ಗೊತ್ತಾಯಿತು. ಆ ಕಣ್ಣು ನೋಡುತ್ತಿದ್ದದ್ದು ನನ್ನ ಕುಂಕುಮವನ್ನು. ಬೆಳಿಗ್ಗೆ ಜೇನುಮೇಣ ಹಚ್ಚಿ, ಅದರ ಮೇಲೆ ಕುಂಕುಮ ಒತ್ತಿ, ಒಳ್ಳೆ ದುಂಡಗೆ ಬೊಟ್ಟಿಟ್ಟುಕೊಂಡು ಅಡುಗೆಮನೆಗೆ ಹೋಗುತ್ತಿದ್ದೆ. ಕಡುಬಿನ ಪಾತ್ರೆ ಇಳಿಸುವ ಹೊತ್ತಿಗೆ ಅದು ಕರಗಿ ಮೂಗಿನ ಮೇಲೆ ಕೆಂಪು ಗೆರೆಯಾಗಿ ಇಳಿದು ಬಂದಿರುತ್ತಿತ್ತು. ಅತ್ತೆ ನೋಡುವರು. ಏನೂ ಹೇಳದೆ ಮುಖ ತಿರುಗಿಸುವರು. ಹೊಸ ಸೊಸೆಯ ಹಣೆಯಲ್ಲಿ ಕುಂಕುಮ ನಿಲ್ಲುವುದಿಲ್ಲ ಎಂದರೆ ಆ ತಾಯಿಯ ಮನಸ್ಸಿಗೆ ಏನು ಬರಬೇಡ? ಇವಳು ನನ್ನ ಮಗನಿಗೆ ಏನು ತಂದಿಡುತ್ತಾಳೋ ಎಂದು ಅವರು ಹೆದರುತ್ತಿದ್ದಾರೆ, ಇವತ್ತಲ್ಲ ನಾಳೆ ನನ್ನನ್ನು ತವರಿಗೆ ಕಳಿಸಿಬಿಡುತ್ತಾರೆ ಎಂದು ನಾನು ತೀರ್ಮಾನಿಸಿಕೊಂಡೆ. ಹಾಗೆ ಯೋಚಿಸಿದ ಕೂಡಲೇ ಇನ್ನಷ್ಟು ಬೆವರುತ್ತಿದ್ದೆ.

ಮಳೆ ಬಿಡದೆ ಸುರಿಯುವ ಆಟಿ ತಿಂಗಳು ಬಂತು. ಹೊಸದಾಗಿ ಮದುವೆಯಾದವಳು ಆಟಿಯಲ್ಲಿ ತವರಿಗೆ ಹೋಗಿ ಕೂರುವುದು ನಮ್ಮಲ್ಲಿ ಪದ್ಧತಿ. ನಾನು ಹೊರಟು ನಿಂತಾಗ ಅತ್ತೆ ಬಾಗಿಲವರೆಗೂ ಬಂದರು. "ಹೋಗಿ ಬಾ" ಎನ್ನಲಿಲ್ಲ. ನನ್ನ ಮುಖವನ್ನೇ ನೋಡಿ, ಮಗನ ಕಡೆ ತಿರುಗಿ, "ವಾಪಸು ಕರ್ಕೊಂಡು ಬರುವ ಮೊದಲು ಗೂಡೆನ ಡಾಕ್ಟ್ರಿಗೊಮ್ಮೆ ತೋರ್ಸು" ಎಂದರು. ಗೂಡೆ ಎಂದರೆ ನಮ್ಮ ಮಾತಿನಲ್ಲಿ ಹುಡುಗಿ. ಸಂತೆಯಲ್ಲಿ ದನ ಕೊಳ್ಳುವವರು ಹಲ್ಲು ನೋಡುತ್ತಾರಲ್ಲ, ನನಗೆ ಹಾಗೆ ಕೇಳಿಸಿತು. ಬಸ್ಸಿನಲ್ಲಿ ವಿರಾಜಪೇಟೆಯವರೆಗೂ ಅಳುತ್ತಾ ಹೋದೆ. ಮಳೆಗಾಲ ನೋಡಿ, ಒದ್ದೆ ಮುಖದ ಬಗ್ಗೆ ಯಾರೂ ಕೇಳಲಿಲ್ಲ. ವರ್ಷದಲ್ಲಿ ಆಟಿಯೊಂದೇ ನನಗೆ ಅನುಕೂಲದ ತಿಂಗಳು. ಬೆವರಿದರೂ, ಅತ್ತರೂ, ಮಳೆಗೆ ಹೊದೆಯುವ ಗೊರಗಿನೊಳಗೆ ನೀರು ಬಂತು ಎಂದರೆ ಮುಗಿಯಿತು.

ಆ ತಿಂಗಳ ಹದಿನೆಂಟನೆಯ ದಿನ ತವರಿನಲ್ಲಿ ಆಟಿ ಹದಿನೆಂಟು ಮಾಡಿದೆವು. ಆ ಒಂದು ದಿನ ಕಾಡಿನ ಮದ್ದುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧ ಸೇರಿಕೊಂಡಿರುತ್ತದೆ ಎಂದು ನಮ್ಮ ನಂಬಿಕೆ. ಸೊಪ್ಪನ್ನು ಬೇಯಿಸಿದರೆ ನೇರಳೆ ಬಣ್ಣದ ನೀರು ಬಿಡುತ್ತದೆ, ಅದರಲ್ಲಿ ಅಕ್ಕಿ ಬೇಯಿಸಿ ಬೆಲ್ಲ, ತೆಂಗಿನಕಾಯಿ ಹಾಕಿ ಪಾಯಸ. ಮನೆಯೆಲ್ಲ ಅದರ ಘಮ. ಬೆವರಿಗೂ ಮದ್ದಾದರೆ ಆಗಲಿ ಎಂದು ಅವ್ವ ನನಗೆ ಮೂರು ಸಲ ಬಡಿಸಿದಳು. ನಾನೂ ದೇವರ ಮೇಲೆ ಭಾರ ಹಾಕಿ ಮೂರು ಸಲವೂ ತಿಂದೆ.

ಮರುದಿನವೇ ಇವರು ಬಂದು ನನ್ನನ್ನು ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಹೆಚ್ಚು ಕಾಲವಾಗಿರಲಿಲ್ಲ. ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಬಯಲುಸೀಮೆಯ ಹೊಸ ಮುಖಗಳು ಬರುತ್ತಿದ್ದ ದಿನಗಳು. ಈ ಡಾಕ್ಟರೂ ಮೈಸೂರಿನ ಕಡೆಯವರು, ಬಂದು ತಿಂಗಳೂ ಆಗಿರಲಿಲ್ಲ. ಮಳೆಗೆ ಹೆದರಿ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಒಳ್ಳೆಯ ಮನುಷ್ಯ.

"ಏನಮ್ಮಾ ತೊಂದರೆ?"

"ಬೆವರು."

"ಈ ಚಳೀಲಾ? ಎಲ್ಲೆಲ್ಲಿ?"

"ತಲೆ, ಮುಖ."

ಅವರು ನನ್ನ ಗಂಟಲು ಒತ್ತಿ ನೋಡಿ ಎಂಜಲು ನುಂಗಿಸಿದರು. ಕಣ್ಣಿನ ರೆಪ್ಪೆ ಎಳೆದು ನೋಡಿದರು. ಕೊಳವೆ ಇಟ್ಟು ಎದೆ ಕೇಳಿದರು. ಬಾಯಾರಿಕೆ ಜಾಸ್ತಿಯೇ, ಮೂತ್ರಕ್ಕೆ ಇರುವೆ ಮುತ್ತುತ್ತದೆಯೇ ಎಂದು ಕೇಳಿದರು. ಇವರ ಎದುರಿಗೆ ಅಂಥದ್ದೆಲ್ಲ ಕೇಳಿದರೆ ನಾನೇನು ಹೇಳಲಿ? ತಲೆ ತಗ್ಗಿಸಿದೆ, ಮೂಗಿನ ತುದಿಯಿಂದ ಹನಿ ಬಿತ್ತು.

"ನಿನ್ನೆ ಊಟಕ್ಕೆ ಏನಿತ್ತು?"

"ಪಾಯಸ."

"ಹಬ್ಬಾನಾ?"

ಹೌದೆಂದು ತಲೆಯಾಡಿಸಿದೆ. ಸಕ್ಕರೆ ಕಾಯಿಲೆ ಇದೆಯೋ ನೋಡೋಣ ಎಂದು ಒಂದು ಸೀಸೆ ಕೊಟ್ಟರು. ಅದನ್ನು ಹಿತ್ತಲಿಗೆ ಒಯ್ದು, ತಂದು, ಸೆರಗಿನಲ್ಲಿ ಮುಚ್ಚಿಟ್ಟು ಅವರ ಮೇಜಿನ ಮೂಲೆಯಲ್ಲಿಟ್ಟು ಹೊರಗೆ ಓಡಿ ಬಂದೆ. ಸ್ವಲ್ಪ ಹೊತ್ತಿಗೆ ಡಾಕ್ಟರು ಬಾಗಿಲಿಗೆ ಬಂದರು. ಅವರ ಮುಖ ಮೊದಲಿನ ಹಾಗಿರಲಿಲ್ಲ. ಇವರನ್ನು ಕರೆದು, "ನಾಳೆ ಮನೇಲಿರೋ ಹಿರಿಯರನ್ನ ಕರ್ಕೊಂಡು ಬನ್ನಿ. ಮಾತಾಡಬೇಕು" ಎಂದರು. ನನ್ನ ಕಡೆ ತಿರುಗಿ, "ಹೆದರ್ಕೋಬೇಡಿ ಕಣಮ್ಮಾ" ಎಂದರು. ಡಾಕ್ಟರು ಹೆದರಬೇಡಿ ಎಂದ ಮೇಲೆ ಹೆದರದೆ ಇರುವವರು ಯಾರಾದರೂ ಇದ್ದಾರೆಯೇ?

ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಪಕ್ಕದಲ್ಲಿ ಅವ್ವನೂ ಮಾಡಲಿಲ್ಲ. ಅವಳ ಕೈ ಕತ್ತಲಲ್ಲಿ ನನ್ನ ಹಣೆಯ ಮೇಲೆ ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಎದೆ ಕೇಳಿದರಲ್ಲ, ಅಪ್ಪನ ಕಾಯಿಲೆಯೇ ಸಿಕ್ಕಿರಬೇಕು ಎಂದುಕೊಂಡೆ.

ಇವರು ಸಂಜೆಯೇ ಊರಿಗೆ ಹೋಗಿ ವಿಷಯ ತಿಳಿಸಿದ್ದರು, ಮರುದಿನ ಮೊದಲ ಬಸ್ಸಿಗೇ ಅತ್ತೆ ಬಂದಿಳಿದರು. ಹೆಗಲ ಮೇಲೆ ಹೊಸ ಬೈರಾಸು, ಕೈಯಲ್ಲಿ ಕೊಡೆ. ಇವರಿಗೆ ಎಸ್ಟೇಟಿನಲ್ಲಿ ರಜೆ ಸಿಗಲಿಲ್ಲವಂತೆ. ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ, ನಾನು ಪಕ್ಕಪಕ್ಕ ಕೂತೆವು, ನಡುವೆ ಕೊಡೆ. ಡಾಕ್ಟರು ಒಳಗೆ ಕರೆದರು.

"ಅಮ್ಮಾ, ಈ ಹುಡುಗೀನ ಮೈಸೂರಿನ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಬೇಕು. ತಡ ಮಾಡೋ ಹಾಗಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ಈಗ ನನ್ನನ್ನು ಬೇಡವೆಂದು ಹೇಳುವರು, ಅವ್ವನ ಮನೆಗೆ ಕಳಿಸಿ ಎನ್ನುವರು ಎಂದು ಕಾದೆ. ಅವರು ಮೇಜನ್ನು ಹಿಡಿದುಕೊಂಡರು. ನೋಡನೋಡುತ್ತಿದ್ದ ಹಾಗೆ ಅವರ ಬೋಳು ಹಣೆಯ ಮೇಲೆ ಹನಿ ಮೂಡಿತು, ನರೆಗೂದಲಿನ ಬುಡದಿಂದ ನೀರು ಇಳಿಯಿತು, ಕೆನ್ನೆ, ಗಲ್ಲ ಎಲ್ಲ ತೊಪ್ಪೆಯಾಯಿತು. ಆ ಒದ್ದೆ ಮುಖ ನನಗೆ ಗೊತ್ತಿತ್ತು. ಜಗಲಿಯಲ್ಲಿ ಕೂತ ಮುಖ ಅದು.

"ಅಯ್ಯೋ, ಅತ್ತೆಗೆ ತಲೆ ಬೆವರ್ತಾ ಉಂಟು! ನೀರು ಕೊಡಿ, ಬೇಗ ನೀರು ಕೊಡಿ!" ಎಂದು ನಾನು ಕಿರುಚಿದ್ದಕ್ಕೆ ಹೊರಗೆ ಕೂತಿದ್ದವರೆಲ್ಲ ಎದ್ದು ಬಾಗಿಲಿಗೆ ಬಂದರಂತೆ. ನನಗೆ ಅದೆಲ್ಲ ಕಾಣಲಿಲ್ಲ. ಅವರನ್ನು ತಬ್ಬಿ ಹಿಡಿದುಕೊಂಡು ಸೆರಗಿನಿಂದ ಹಣೆ ಒರೆಸುತ್ತಿದ್ದೆ, ಒರೆಸಿದಷ್ಟೂ ಬರುತ್ತಿತ್ತು. ನನ್ನ ಹಣೆಯಿಂದಲೂ ಇಳಿಯುತ್ತಿತ್ತು. ಯಾರದು ಯಾರ ಮೇಲೆ ಬೀಳುತ್ತಿತ್ತೋ ಏನೋ.

ಡಾಕ್ಟರು ಅತ್ತೆಯನ್ನು ಮಲಗಿಸಿ ನಾಡಿ ಹಿಡಿದರು, ಎದೆ ಕೇಳಿದರು. "ಏನೂ ಆಗಿಲ್ಲ. ಗಾಬರಿ ಆಗಿದ್ದಾರೆ, ಅಷ್ಟೆ" ಎಂದರು. ಅತ್ತೆ ಅವರ ಕೈ ಬಿಡಲಿಲ್ಲ.

"ನಂಗೆಂಥದೂ ಇಲ್ಲೆ ಡಾಕ್ಟ್ರೇ. ಗೂಡೆಗೆ ಎಂಥ ಅಂತ ಹೇಳಿ."

"ಮೂತ್ರದಲ್ಲಿ ರಕ್ತ ಹೋಗ್ತಾ ಇದೆಯಮ್ಮಾ. ಸೀಸೆ ಪೂರ್ತಿ ಕೆಂಪು."

ಅತ್ತೆ ಮಲಗಿದಲ್ಲಿಂದ ಎದ್ದು ಕೂತರು.

"ಯಾವತ್ತಿನ ಸೀಸೆ?"

"ನಿನ್ನೆ ಬೆಳಿಗ್ಗೆದು."

"ಮೊನ್ನೆ ಆಟಿ ಹದಿನೆಂಟಲ್ವ ಡಾಕ್ಟ್ರೇ! ಮದ್ದುಪಾಯಸ ತಿಂದ್ರೆ ಕೆಂಪಲ್ಲದೆ ಇನ್ನೆಂಥ ಹೋಗ್ತದೆ? ನಂಗೂ ಕೆಂಪೇ. ನನ್ನ ಮಗನಿಗೂ ಕೆಂಪೇ. ನಿನ್ನೆ ಇಡೀ ಕೊಡಗಿಗೇ ಕೆಂಪು!"

ಬಾಗಿಲಲ್ಲಿ ನಿಂತವರು ಗೊಳ್ಳೆಂದು ನಕ್ಕರು. ಊರಿನವನೇ ಆದ ಕಾಂಪೌಂಡರ್ ಇದ್ದಿದ್ದರೆ ಹಿಂದಿನ ದಿನವೇ ಹೇಳುತ್ತಿದ್ದ, ಆದರೆ ಅವನು ಆಟಿ ಹದಿನೆಂಟಕ್ಕೆಂದು ರಜೆ ಹಾಕಿ ಮನೆಯಲ್ಲಿ ಇನ್ನೂ ಉಳಿದ ಪಾಯಸ ತಿನ್ನುತ್ತಿದ್ದ. ಇನ್ನು ನನ್ನ ವಿಷಯ. ಸೀಸೆಯನ್ನು ನಾನೇ ತುಂಬಿದ್ದೆನಲ್ಲ, ಕೆಂಪಗಿರುವುದು ಕಂಡಿತ್ತು. ಆ ದಿನ ಕೆಂಪಗಿರುವುದು ಮಳೆಗಾಲದಲ್ಲಿ ಮಳೆ ಬರುವಷ್ಟೇ ಸಹಜ, ಮದ್ದು ಮೈಗೆ ಹಿಡಿದಿದೆ ಎಂದು ಲೆಕ್ಕ. ಬೆಳ್ಳಗಿದ್ದಿದ್ದರೆ ಗಾಬರಿಯಾಗುತ್ತಿದ್ದೆ. ಮೈಸೂರಿನಿಂದ ಬಂದವರಿಗೆ ಇದನ್ನು ಹೇಳಬೇಕು ಎನ್ನುವ ಬುದ್ಧಿ ನನಗೂ ಬರಲಿಲ್ಲ, ಆ ದಿನ ಪಕ್ಕದಲ್ಲೇ ನಿಂತಿದ್ದ ರೈಟರಿಗೂ ಬರಲಿಲ್ಲ.

"ನಿಂಗೆ ಬಾಯಿಲ್ವ ಗೂಡೆ?" ಎಂದು ಅತ್ತೆ ನನ್ನ ಕಡೆ ತಿರುಗಿದರು. ಮದುವೆಯಾದ ಮೇಲೆ ಅವರು ನನ್ನನ್ನು ಬೈದದ್ದು ಅದೇ ಮೊದಲು. ಎಷ್ಟು ಹಿತವಾಯಿತು ಎಂದರೆ, ನಾನು ಅಳಲು ಶುರುಮಾಡಿದೆ.

ಡಾಕ್ಟರೂ ನಕ್ಕರು, ಮಫ್ಲರ್ ಬಿಚ್ಚಿ ತಮ್ಮ ಹಣೆ ಒರೆಸಿಕೊಂಡರು. ಎರಡು ದಿನ ಬಿಟ್ಟು ಇನ್ನೊಂದು ಸೀಸೆ ತಂದುಕೊಡಿ, ಯಾವುದಕ್ಕೂ ನೋಡಿಯೇ ಬಿಡೋಣ ಎಂದರು. ಕೊಟ್ಟೆವು, ಅದರಲ್ಲಿ ರಕ್ತವೂ ಇರಲಿಲ್ಲ, ಸಕ್ಕರೆಯೂ ಇರಲಿಲ್ಲ. ಆದರೆ ಆ ದಿನ ಅವರು ನಮ್ಮನ್ನು ಸುಮ್ಮನೆ ಕಳಿಸಲಿಲ್ಲ. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು, "ಅದಿರಲಿ ತಾಯಿ, ಅತ್ತೆ ಬೆವರಿದ್ದಕ್ಕೆ ಯಾಕೆ ಹಾಗೆ ಕಿರುಚಿಕೊಂಡ್ರಿ?" ಎಂದು ಕೇಳಿದರು.

ಯಾರೂ ಹಾಗೆ ಕೇಳಿರಲಿಲ್ಲ. ಜಗಲಿ, ಬೇಲಿ, ನೀರು, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ಬೆವರಿದೆ. ಡಾಕ್ಟರು ಪೂರ್ತಿ ಕೇಳಿಸಿಕೊಂಡರು.

"ತಲೆ ಬೆವರೋಕೆ ಕಾರಣ ಬೇಕಾದಷ್ಟಿರ್ತವೆ. ಖಾರ ತಿಂದ್ರೆ ಬೆವರುತ್ತೆ, ಜ್ವರ ಬಿಡುವಾಗ ಬೆವರುತ್ತೆ, ಗಂಟಲಲ್ಲಿ ಗಂಟಿದ್ರೆ ಬೆವರುತ್ತೆ. ಕೆಲವರಿಗೆ ಕಾರಣವೇ ಇಲ್ಲದೆ ಬೆವರುತ್ತೆ, ಅವರ ಮೈಯೇ ಹಾಗೆ. ನಿಮ್ಮ ತಂದೆಗೆ ಎದೆ ಕಾಯಿಲೆ ಇದ್ದಿರಬಹುದು. ಬೆವರು ಅದರ ಜೊತೆ ಬಂತು, ಬೆವರಿನಿಂದ ಅವರು ಹೋಗಲಿಲ್ಲ. ನಿಮ್ಮ ಎದೆ ಸರಿಯಾಗಿದೆ. ನೀವು ಬೆವರು ಕಂಡ್ರೆ ಹೆದರ್ತೀರಿ, ಹೆದರಿದ್ದಕ್ಕೆ ಇನ್ನಷ್ಟು ಬೆವರ್ತೀರಿ. ಯಾರ ಹತ್ರಾನಾದ್ರೂ ಹೇಳ್ಕೊಳ್ಳಿ."

ಬಸ್ಸಿಗೆ ಕಾಯುತ್ತಾ ಅಂಗಡಿಯ ಸೂರಿನ ಕೆಳಗೆ ನಿಂತೆವು. ಮಳೆ ಜೋರಾಗಿತ್ತು. ಅತ್ತೆ ರಸ್ತೆಯ ಕಡೆ ನೋಡುತ್ತಾ ಮಾತಾಡಿದರು.

"ನಿನ್ನ ಬೊಟ್ಟು ದಿನಾ ಮೂಗಿನ ಮೇಲೆ ಇಳ್ದಿರ್ತಿತ್ತು. ನೀ ಮರೇಲಿ ಅಳ್ತಾ ಇದ್ದೀ, ನಮ್ಮ ಮನೆ ನಿಂಗೆ ಹಿಡಿಸ್ಲಿಲ್ಲ ಅಂತ ನಾ ತಿಳ್ಕೊಂಡದ್ದು. ಕೇಳುವ ಅಂದ್ರೆ ಹೆದ್ರಿಕೆ. ಆಟಿಗೆ ಹೋದವಳು ವಾಪಸು ಬರುದಿಲ್ಲ ಅಂತಾನೇ ಇದ್ದೆ. ಡಾಕ್ಟ್ರಿಗಾದ್ರೂ ಬಾಯಿ ಬಿಡ್ತೀಯೋ ಅಂತ ಕಳ್ಸಿದ್ದು."

ಒಂದೇ ಮನೆಯಲ್ಲಿ, ಒಂದೇ ಒಲೆಯ ಮುಂದೆ, ನಾನು ಅವರಿಗೆ ಹೆದರಿ ಬೆವರುತ್ತಿದ್ದೆ, ಅವರು ನನ್ನ ಬೆವರಿಗೆ ಹೆದರಿ ಸುಮ್ಮನಿದ್ದರು. ಅತ್ತೆ ಹೆಗಲ ಮೇಲಿನ ಹೊಸ ಬೈರಾಸನ್ನು ತೆಗೆದು, ಅಂಚನ್ನು ಹಲ್ಲಿನಿಂದ ಕಚ್ಚಿ, ಪರ್ರನೆ ಎರಡು ತುಂಡು ಮಾಡಿದರು. ಒಂದನ್ನು ನನ್ನ ಸೊಂಟಕ್ಕೆ ಸಿಕ್ಕಿಸಿದರು, ಇನ್ನೊಂದನ್ನು ತಮ್ಮ ಸೊಂಟಕ್ಕೆ.

"ಇನ್ನು ತಲೆ ಬೆವರಿದ್ರೆ ಒಬ್ಬಳೇ ಕೂತು ಹೆದರ್ಬೇಡ. ನಂಗೆ ಹೇಳು. ನಂಗೆ ಬೆವರಿದ್ರೆ ನಾ ನಿಂಗೆ ಹೇಳ್ತೇನೆ."

ಹೇಳಿದೆವು. ವರ್ಷಗಟ್ಟಲೆ ಹೇಳಿದೆವು. "ಅತ್ತೆ, ಬಂತು" ಎಂದರೆ ಅವರು ಸೌಟು ಕೆಳಗಿಟ್ಟು ಬಂದು ಪಕ್ಕದಲ್ಲಿ ಕೂರುತ್ತಿದ್ದರು. ಹೋಗುವವರೆಗೂ ಎಂಥದಾದರೂ ಮಾತಾಡುತ್ತಿದ್ದರು, ಹೆಚ್ಚಾಗಿ ನೆಂಟರ ಮೇಲಿನ ಚಾಡಿ. ಮಾತು ಕಡಿಮೆಯ ಹೆಂಗಸು ಎಂದೆನಲ್ಲ, ಆ ಮಾತು ವಾಪಸು ತೆಗೆದುಕೊಳ್ಳುತ್ತೇನೆ. ಇವರು ಮರ ಕಡಿಯುವಲ್ಲಿ ಪೆಟ್ಟು ಮಾಡಿಕೊಂಡ ದಿನ ಅತ್ತೆ ಓಡಿ ಬಂದು ಹಣೆ ತೋರಿಸಿ "ನಂಗೆ ಬಂತು" ಎಂದರು, ನಾನು ಒರೆಸಿದೆ. ಬೈರಾಸು ಹರಿದಾಗಲೆಲ್ಲ ಇನ್ನೊಂದು ತಂದು ಹಾಗೆಯೇ ಎರಡು ತುಂಡು ಮಾಡುತ್ತಿದ್ದೆವು. ಮಕ್ಕಳಾದ ಮೇಲೆ ನನ್ನ ಬೆವರು ಯಾವಾಗ ಕಡಿಮೆಯಾಯಿತು, ಯಾವಾಗ ನಿಂತಿತು, ನನಗೇ ಗೊತ್ತಾಗಲಿಲ್ಲ.

ಅತ್ತೆ ಬಹಳ ವರ್ಷ ಬದುಕಿದರು. ಕೊನೆಗೆ ಹಾಸಿಗೆ ಹಿಡಿದಾಗ ನಾನು ಗಳಿಗೆಗೊಮ್ಮೆ ಹೋಗಿ ಅವರ ಹಣೆ ಮುಟ್ಟಿ ಬರುತ್ತಿದ್ದೆ, ಅವ್ವ ನನಗೆ ಮಾಡುತ್ತಿದ್ದ ಹಾಗೆಯೇ. ಅವರಿಗೆ ಅದು ತಿಳಿಯಿತು. "ಬಂದ್ರೆ ಹೇಳ್ತೇನೆ ಅಂದಿದ್ದೇನಲ್ಲ, ಹೋಗು, ಕೆಲ್ಸ ನೋಡು" ಎಂದು ಗದರಿಸಿದರು. ನಾನು ಹೋದೆ, ಆದರೆ ಕಿವಿ ಅಲ್ಲಿಯೇ ಇತ್ತು.

ಒಂದು ಬೆಳಿಗ್ಗೆ ಕಾಫಿ ತೆಗೆದುಕೊಂಡು ಹೋಗಿ ಕರೆದೆ. ಏಳಲಿಲ್ಲ. ಲೋಟ ಕೆಳಗಿಟ್ಟು ನಾನು ಮೊದಲು ಮಾಡಿದ್ದು, ಅವರ ಹಣೆಯ ಮೇಲೆ ಅಂಗೈ ಇಟ್ಟದ್ದು. ಒಣಗಿತ್ತು. ಕೂದಲಿನ ಬುಡ ಮುಟ್ಟಿ ನೋಡಿದೆ, ಮೇಲ್ತುಟಿ ಮುಟ್ಟಿ ನೋಡಿದೆ. ಎಲ್ಲಿಯೂ ಒಂದು ಹನಿ ಇರಲಿಲ್ಲ. ಹೆದರಿಕೆ ಬಂದಿದ್ದರೆ ನನ್ನನ್ನು ಕರೆಯುತ್ತಿದ್ದರು. ಬರಲಿಲ್ಲ, ಅದಕ್ಕೆ ಕರೆಯಲಿಲ್ಲ.

ಆದರೂ ಸೊಂಟದ ಬೈರಾಸು ತೆಗೆದು ಅವರ ಹಣೆ ಒರೆಸಿದೆ.